ಸಿಪ್ಪೆ, ನಾರು, ಲಿಗ್ನಿನ್: ಆಲ್ಕೊಹಾಲಿಗೆ ಇಂಗಾಲದ ವೇಗವರ್ಧಕ — ಓದುಗರ ಪ್ರಶ್ನೆ, ನಮ್ಮ ಉತ್ತರ

ಸಸ್ಯತ್ಯಾಜ್ಯದಿಂದ ಇಂಗಾಲದ ನಾರು ತಯಾರಿಸಿ, ಅದನ್ನೇ ವೇಗವರ್ಧಕವಾಗಿ ಬಳಸಿ ಆಲ್ಕೊಹಾಲನ್ನು ಎಥಿಲೀನ್, ಪ್ರೊಪಿಲೀನ್, ಡೈಮೀಥೈಲ್ ಈಥರ್‌ಗಳಾಗಿ ಮಾರ್ಪಡಿಸುವ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಇಂಗಾಲ ಎಂದರೆ ಪ್ಲಾಟಿನಂ, ಪಲ್ಲಾಡಿಯಂನಂಥ ಲೋಹಗಳನ್ನು ಹೊರುವ ಆಧಾರ ವಸ್ತು ಎಂದಷ್ಟೇ ನಾವು ಪಾಠ ಮಾಡುತ್ತೇವೆ. ಲೋಹವೇ ಇಲ್ಲದೆ ಇಂಗಾಲ ಆಲ್ಕೊಹಾಲನ್ನು ಹೇಗೆ ಮಾರ್ಪಡಿಸುತ್ತದೆ?
(ಪಿಯು ಕಾಲೇಜು ಉಪನ್ಯಾಸಕರು, ಸಾಗರ)

ಬರೀ ಇಂಗಾಲ ಹೆಚ್ಚೇನೂ ಮಾಡುವುದಿಲ್ಲ ಎಂಬುದು ಸರಿ. ಇಲ್ಲಿ ಕೆಲಸ ಮಾಡುವುದು ಅದಕ್ಕೆ ಕಚ್ಚಿಕೊಂಡ ರಂಜಕ. ಸಸ್ಯವಸ್ತುವನ್ನು ಫಾಸ್ಫಾರಿಕ್ ಆಮ್ಲದಲ್ಲಿ ನೆನೆಸಿ ಗಾಳಿ ತಾಗದಂತೆ ಕಾಯಿಸಿದಾಗ, ಆಮ್ಲದ ಬಹುಪಾಲು ಆಮೇಲೆ ನೀರಿನಲ್ಲಿ ತೊಳೆದುಹೋಗುತ್ತದೆ. ಒಂದು ಸಣ್ಣ ಪಾಲು ಮಾತ್ರ ಇಂಗಾಲ–ಆಮ್ಲಜನಕ–ರಂಜಕ ಎಂಬ ಬಂಧವಾಗಿ ಉಳಿಯುತ್ತದೆ. ಎಷ್ಟು ತೊಳೆದರೂ ಅದು ಹೋಗುವುದಿಲ್ಲ. ಈ ಫಾಸ್ಫೇಟ್ ಗುಂಪಿನ ಹೈಡ್ರೋಜನ್ ಆಮ್ಲೀಯವಾದದ್ದು. ಅದು ಆಲ್ಕೊಹಾಲಿನ ಆಮ್ಲಜನಕವನ್ನು ಹಿಡಿದು ನೀರಾಗಿ ಹೊರಡಿಸುತ್ತದೆ. ಅಂದರೆ ನಡೆಯುವುದು ನಿರ್ಜಲೀಕರಣ.

ಎರಡು ಮೆಥನಾಲ್ ಅಣುಗಳಿಂದ ಒಂದು ನೀರು ಹೋದರೆ ಡೈಮೀಥೈಲ್ ಈಥರ್. ಎಥನಾಲಿನಲ್ಲಿ ಉಷ್ಣತೆಯ ಮೇಲೆ ದಾರಿ ಕವಲೊಡೆಯುತ್ತದೆ: 250 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಡೈಈಥೈಲ್ ಈಥರ್ ಮುಂದೆ, 300 ದಾಟಿದ ಮೇಲೆ ಎಥಿಲೀನ್ ಮುಂದೆ. 2-ಪ್ರೊಪನಾಲ್ ಇವೆಲ್ಲಕ್ಕಿಂತ ಸುಲಭವಾಗಿ ನೀರು ಬಿಟ್ಟುಕೊಟ್ಟು ಪ್ರೊಪಿಲೀನ್ ಆಗುತ್ತದೆ. ಹೊಸ ವೇಗವರ್ಧಕವನ್ನು ಮೊದಲು 2-ಪ್ರೊಪನಾಲಿನಲ್ಲೇ ಪರೀಕ್ಷಿಸುವುದು ಅದಕ್ಕೇ. ಪ್ರೊಪಿಲೀನ್ ಬಂದರೆ ಆಮ್ಲ ಕೇಂದ್ರಗಳು (ಆಮ್ಲೀಯ ಹೈಡ್ರೋಜನ್ ಇರುವ ಜಾಗಗಳು) ಕೆಲಸ ಮಾಡುತ್ತಿವೆ ಎಂದರ್ಥ. ಅಸಿಟೋನ್ ಬಂದರೆ ಹೈಡ್ರೋಜನ್ ಕಳಚುವ ಬೇರೆ ಕ್ರಿಯೆ ನಡೆದಿದೆ. ಸಾಮಾನ್ಯವಾಗಿ ಬೂದಿಯಲ್ಲಿ ಉಳಿದ ಕ್ಷಾರ ಅಥವಾ ಲೋಹ ಅದರ ಕಾರಣ.

ರಂಜಕದಿಂದ ಇನ್ನೊಂದು ಲಾಭವಿದೆ, ನಮ್ಮ ದೃಷ್ಟಿಯಲ್ಲಿ ಅದೇ ದೊಡ್ಡದು. ಅದು ಇಂಗಾಲ ಗಾಳಿಯಲ್ಲಿ ಬೇಗ ಉರಿದುಹೋಗದಂತೆ ತಡೆಯುತ್ತದೆ. ಹೀಗಾಗಿ ಆಮ್ಲಜನಕ ಇರುವ ಅನಿಲದಲ್ಲೂ ಈ ವೇಗವರ್ಧಕವನ್ನು ಬಳಸಬಹುದು. ಅದೇಕೆ ಬೇಕಾಗುತ್ತದೆ ಎಂಬುದು ಮುಂದೆ ಬರುತ್ತದೆ. ಈ ಕ್ಷೇತ್ರದಲ್ಲಿ ಬಹಳ ಕೆಲಸ ಮಾಡಿದವರು ಸ್ಪೇನಿನ ಮಾಲಗ ವಿಶ್ವವಿದ್ಯಾಲಯದ ರಾಸಾಯನಿಕ ಎಂಜಿನಿಯರಿಂಗ್ ವಿಭಾಗದವರು. ಆಲಿವ್ ಬೀಜದ ಗಟ್ಟಿ ಚಿಪ್ಪು ಆಂಡಲೂಸಿಯಾದಲ್ಲಿ ರಾಶಿ ರಾಶಿ ಸಿಗುತ್ತದೆ, ಅದರಿಂದ ಹರಳಿನ (ಕಾಳಿನಂತೆ ಬಿಡಿಬಿಡಿಯಾದ) ಇಂಗಾಲ ಮಾಡಿದರು. ಸಸ್ಯದ ನಾರುಗಳನ್ನು ಬೆಸೆದು ಗಟ್ಟಿಯಾಗಿಡುವ ಲಿಗ್ನಿನ್ ಎಂಬ ವಸ್ತುವಿನ ದ್ರಾವಣದಿಂದ ನಾರು ನೂತರು.

ಪ್ರಶ್ನೆ: ಅಡಿಕೆ ಸಿಪ್ಪೆ, ಕಬ್ಬಿನ ಸಿಪ್ಪೆ, ಭತ್ತದ ಹೊಟ್ಟು: ಮೂರೂ ನಮಗೆ ಸಿಗುತ್ತವೆ. ಯಾವುದರಿಂದ ಲಿಗ್ನಿನ್ ತೆಗೆಯುವುದು ಒಳ್ಳೆಯದು? ಎಥನಾಲ್ ವಿಧಾನದಲ್ಲಿ ತೆಗೆದಾಗ ಪುಡಿಯ ಬದಲು ಡಾಂಬರಿನಂಥ ಮುದ್ದೆ ಬರುತ್ತಿದೆ.
(ಎಂ.ಎಸ್ಸಿ. ರಸಾಯನಶಾಸ್ತ್ರ ವಿದ್ಯಾರ್ಥಿನಿ, ಧಾರವಾಡ)

ಭತ್ತದ ಹೊಟ್ಟನ್ನು ಬಿಟ್ಟುಬಿಡಿ. ಅದರ ತೂಕದ ಐದನೇ ಒಂದು ಪಾಲಿನಷ್ಟು ಬೂದಿ, ಆ ಬೂದಿಯಲ್ಲಿ ಬಹುಪಾಲು ಸಿಲಿಕಾ. ಕ್ಷಾರದಲ್ಲಿ ಲಿಗ್ನಿನ್ ಕರಗಿಸಿದರೆ ಸಿಲಿಕಾವೂ ಕರಗುತ್ತದೆ, ಆಮ್ಲ ಹಾಕಿದಾಗ ಎರಡೂ ಸೇರಿಯೇ ಕೆಳಗಿಳಿಯುತ್ತವೆ. ಮುಂದೆ ಲಿಗ್ನಿನ್ ದ್ರಾವಣದಿಂದ ನಾರು ನೂಲುವ ಸೂಜಿಗೆ ಆ ಕಣಗಳೇ ಶತ್ರು. ಕಬ್ಬಿನ ಸಿಪ್ಪೆಯಲ್ಲಿ ಲಿಗ್ನಿನ್ ಸುಮಾರು 20 ಶೇಕಡಾ, ಎಥನಾಲ್ ವಿಧಾನಕ್ಕೆ ಚೆನ್ನಾಗಿ ಒಗ್ಗುತ್ತದೆ. ಒಳಗಿನ ಮೆದು ತಿರುಳನ್ನು ಜರಡಿ ಹಿಡಿದು ಬೇರ್ಪಡಿಸಿ, ಮಣ್ಣು ಹೋಗುವಂತೆ ತೊಳೆದು ಒಣಗಿಸಿಕೊಳ್ಳಿ. ಅಡಿಕೆ ಸಿಪ್ಪೆಯ ನಾರನ್ನು ಲಿಗ್ನಿನ್‌ಗಾಗಿ ಬೇಯಿಸುವುದಕ್ಕಿಂತ ಇಡಿಯಾಗಿ ಬಳಸುವುದು ಜಾಣತನ, ಮುಂದೆ ಹೇಳುತ್ತೇವೆ.

ಈಗ ಮುದ್ದೆಯ ವಿಷಯ. 100 ಗ್ರಾಂ ಒಣ ಸಿಪ್ಪೆಗೆ ಒಂದು ಲೀಟರ್ ದ್ರವ, ಗಾತ್ರದಲ್ಲಿ 60 ಪಾಲು ಎಥನಾಲ್, 40 ಪಾಲು ನೀರು. ಆಟೋಕ್ಲೇವನ್ನು (ಒತ್ತಡ ತಡೆಯುವ ಮುಚ್ಚಿದ ಪಾತ್ರೆ) ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ತುಂಬಬಾರದು. 180ರಿಂದ 190 ಡಿಗ್ರಿಯಲ್ಲಿ ಒಂದು ಗಂಟೆ. ಒತ್ತಡ 20 ಬಾರ್ ಮೀರುವುದರಿಂದ ಅದಕ್ಕೆಂದೇ ಮಾಡಿದ ಪಾತ್ರೆಯಲ್ಲದೆ ಬೇರೆಯದರಲ್ಲಿ ಇದನ್ನು ಮಾಡಲೇಬಾರದು. ತಣಿದ ಮೇಲೆ ಶೋಧಿಸಿ, ಉಳಿದ ನಾರನ್ನು ಉಗುರುಬೆಚ್ಚಗಿನ ಎಥನಾಲಿನಲ್ಲಿ ತೊಳೆದು ಆ ತೊಳೆಯನ್ನೂ ಸೇರಿಸಿಕೊಳ್ಳಬೇಕು.

ಇಲ್ಲಿಯವರೆಗೆ ಎಲ್ಲರೂ ಸರಿಯಾಗಿ ಮಾಡುತ್ತಾರೆ. ಕೆಡುವುದು ಆಮೇಲೆ. ಬಿಸಿ ದ್ರಾವಣಕ್ಕೆ ಸ್ವಲ್ಪ ಸ್ವಲ್ಪವೇ ನೀರು ಹಾಕುತ್ತಾ ಹೋದರೆ, ಎಥನಾಲನ್ನು ಹೀರಿಕೊಂಡಿರುವ ಲಿಗ್ನಿನ್ ಮೆದುವಾಗಿಯೇ ಬೇರ್ಪಟ್ಟು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ಕ್ರಮ ತಿರುವುಮುರುವಾಗಬೇಕು. ಮೂರು ಪಟ್ಟು ತಣ್ಣೀರನ್ನು ಮೊದಲೇ ಪಾತ್ರೆಯಲ್ಲಿಟ್ಟು, ಗಂಧಕಾಮ್ಲದಿಂದ ಪಿಎಚ್ 2ಕ್ಕೆ ತಂದು, ಜೋರಾಗಿ ತಿರುವುತ್ತಾ, ಲಿಗ್ನಿನ್ ದ್ರಾವಣವನ್ನು ತೆಳ್ಳಗಿನ ಧಾರೆಯಾಗಿ ಅದಕ್ಕೆ ಬಿಡಿ. ಕಂದು ಪುಡಿ ಇಳಿಯುತ್ತದೆ. ರಾತ್ರಿ ಬಿಟ್ಟು, ಶೋಧಿಸಿ, ತೊಳೆದ ನೀರಿನ ಪಿಎಚ್ 5ರ ಮೇಲೆ ಬರುವವರೆಗೆ ತೊಳೆದು, 50 ಡಿಗ್ರಿಗಿಂತ ಕೆಳಗೆ ಒಣಗಿಸಿ. ಒದ್ದೆ ಇದ್ದಾಗಲೇ 80–90 ಡಿಗ್ರಿಯ ಓವನ್ನಿಗೆ ಹಾಕಿದರೆ ಮತ್ತೆ ಮುದ್ದೆ.

ದಾಂಡೇಲಿಯಂಥ ಕಡೆ ಕಾಗದದ ಗಿರಣಿಯ ಕಪ್ಪು ದ್ರಾವಣ ಸಿಕ್ಕರೆ ಬಳಸಬಹುದೇ ಎಂದೂ ಕೇಳಿದ್ದೀರಿ. ಬಳಸಬಹುದು, ಆದರೆ ಅದರಿಂದ ಸಿಗುವ ಕ್ರಾಫ್ಟ್ ಲಿಗ್ನಿನ್‌ಗೆ ಎರಡು ತೊಡಕು. ಒಂದು, ಕಪ್ಪು ದ್ರಾವಣಕ್ಕೆ ಆಮ್ಲ ಹಾಕಿದಾಗ ಹೈಡ್ರೋಜನ್ ಸಲ್ಫೈಡ್ ಅನಿಲ ಹೊರಬರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಮೊದಲು ಗೊತ್ತಾಗುತ್ತದೆ, ಪ್ರಮಾಣ ಹೆಚ್ಚಿದಾಗ ಮೂಗು ಸೋತು ವಾಸನೆಯೇ ತಿಳಿಯುವುದಿಲ್ಲ, ಅಪಾಯ ಇರುವುದೇ ಅಲ್ಲಿ. ಫ್ಯೂಮ್ ಹುಡ್ ಮತ್ತು ಅನಿಲ ಸೂಚಕ ಎರಡೂ ಇಲ್ಲದೆ ಕೈ ಹಾಕಬೇಡಿ. ಎರಡು, ಸೋಡಿಯಂ. ವೇಗವರ್ಧಕದಲ್ಲಿ ಕೆಲಸ ಮಾಡಬೇಕಾದ ಆಮ್ಲೀಯ ಹೈಡ್ರೋಜನ್ ಇರುವ ಜಾಗದಲ್ಲೇ ಸೋಡಿಯಂ ಹೋಗಿ ಕೂರುತ್ತದೆ. ಪಿಎಚ್ 2ರ ಗಂಧಕಾಮ್ಲದ ನೀರಿನಲ್ಲಿ ಎರಡು ಮೂರು ಸಲ ಕಲಕಿ ಶೋಧಿಸಿ ಬೂದಿಯನ್ನು 0.1 ಶೇಕಡಾಗೆ ಇಳಿಸಿಕೊಂಡ ಮೇಲೆಯೇ ಮುಂದಿನ ಮಾತು.

ಪ್ರಶ್ನೆ: ಲಿಗ್ನಿನ್–ಎಥನಾಲ್ ದ್ರಾವಣವನ್ನು ಎಲೆಕ್ಟ್ರೋಸ್ಪಿನ್ನಿಂಗ್ (ಹೈ ವೋಲ್ಟೇಜಿನಿಂದ ಸೂಜಿಯ ತುದಿಯಿಂದ ತೆಳು ನಾರು ಎಳೆಯುವುದು) ಮಾಡಲು ಹೋದರೆ ಎರಡೇ ನಿಮಿಷದಲ್ಲಿ ಸೂಜಿಯ ತುದಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಎಥನಾಲ್ ಹೆಚ್ಚು ಹಾಕಿದರೆ ನಾರಿನ ಬದಲು ಹನಿಗಳು ಬೀಳುತ್ತವೆ. ಏನು ಮಾಡಬೇಕು?
(ಸಂಶೋಧನಾ ವಿದ್ಯಾರ್ಥಿ, ಸುರತ್ಕಲ್)

ನಿಮ್ಮ ಎರಡೂ ತೊಂದರೆಗೆ ಬೇರೆ ಬೇರೆ ಕಾರಣ. ಲಿಗ್ನಿನ್ ಕವಲು ಕವಲಾದ ಸಣ್ಣ ಅಣು. ಉದ್ದನೆಯ ಪಾಲಿಮರ್‌ಗಳಂತೆ ಸರಪಳಿಗಳು ಹೆಣೆದುಕೊಂಡು ಧಾರೆಯನ್ನು ಹಿಡಿದಿಡುವುದಿಲ್ಲ. ಅದಕ್ಕೇ ದ್ರಾವಣ ಬಹಳ ದಪ್ಪವಿರಬೇಕು: ತೂಕದಲ್ಲಿ ಲಿಗ್ನಿನ್ ಒಂದು, ಎಥನಾಲ್ ಒಂದು, ಎಳೆ ಬರುವ ಬೆಲ್ಲದ ಪಾಕದ ಹದ. ಅದಕ್ಕಿಂತ ತೆಳುವಾದರೆ ಧಾರೆ ಹನಿಯಾಗಿ ಒಡೆಯುತ್ತದೆ. ಅಷ್ಟು ದಪ್ಪ ಮಾಡಿದಿರೋ, ಎಥನಾಲ್ ಬೇಗ ಹಾರಿಹೋಗಿ ಸೂಜಿಯ ತುದಿಯಲ್ಲಿ ದ್ರಾವಣ ತಾಳುವ ಶಂಕುವಿನ ಆಕಾರ ಗಟ್ಟಿಯಾಗುತ್ತದೆ.

ಇದಕ್ಕೆ ಮಾಲಗ ಮತ್ತು ಸೆವಿಲ್ಲಾದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಉಪಾಯ ಸರಳ. ಒಂದರೊಳಗೊಂದು ಸೂಜಿ. ಒಳಗಿನದರಲ್ಲಿ ಲಿಗ್ನಿನ್ ದ್ರಾವಣ, ಹೊರಗಿನದರಲ್ಲಿ ಬರೀ ಎಥನಾಲ್. ಹೊರಗಿನ ತೆಳು ಎಥನಾಲ್ ಪದರ ಶಂಕುವನ್ನು ಒದ್ದೆಯಾಗಿಡುತ್ತದೆ, ಧಾರೆ ಹಾರುವಾಗ ಆವಿಯಾಗಿ ಹೋಗುತ್ತದೆ. ಬೇರೆ ಪಾಲಿಮರ್ ಬೆರೆಸದೆ ಲಿಗ್ನಿನ್ ಒಂದನ್ನೇ ನೂಲಲು ಸಾಧ್ಯವಾದದ್ದು ಇದರಿಂದ.

10 ಗ್ರಾಂ ಲಿಗ್ನಿನ್, 10 ಗ್ರಾಂ ಶುದ್ಧ ಎಥನಾಲ್ ತೆಗೆದುಕೊಳ್ಳಿ. ಲಿಗ್ನಿನ್‌ನ 0.3 ಪಟ್ಟು ಫಾಸ್ಫಾರಿಕ್ ಆಮ್ಲ ಬೇಕು, ಅಂದರೆ 3 ಗ್ರಾಂ. ಅಂಗಡಿಯ ಆಮ್ಲ 85 ಶೇಕಡಾದ್ದಾದ್ದರಿಂದ ತೂಗಬೇಕಾದದ್ದು 3.53 ಗ್ರಾಂ. ಮೊದಲ ಸಲ 0.1 ಪಟ್ಟಿನಿಂದ ಶುರು ಮಾಡಿ, ನೂಲುವುದು ಕೈಗೆ ಹತ್ತಿದ ಮೇಲೆ ಏರಿಸಿ. ಬಾಟಲಿಯ ಮುಚ್ಚಳ ಬಿಗಿದು 60 ಡಿಗ್ರಿಯಲ್ಲಿ ರಾತ್ರಿಯಿಡೀ ತಿರುವಿ, ಆಮೇಲೆ ಸೂಕ್ಷ್ಮ ಜಾಲರಿಯಲ್ಲಿ ಸೋಸಿ. ಒಳ ಹರಿವು ಗಂಟೆಗೆ 1 ಮಿಲಿಲೀಟರ್, ಹೊರಗಿನ ಎಥನಾಲ್ ಅದರ ಹತ್ತನೇ ಒಂದು ಪಾಲು. ಸೂಜಿಯಿಂದ ನಾರು ಬಂದು ಕೂರುವ ಸಂಗ್ರಾಹಕಕ್ಕೆ 20ರಿಂದ 25 ಸೆಂಟಿಮೀಟರ್. ವೋಲ್ಟೇಜನ್ನು 10 ಕಿಲೋವೋಲ್ಟಿನಿಂದ ನಿಧಾನ ಏರಿಸುತ್ತಾ ಶಂಕುವನ್ನೇ ನೋಡಿ. ಅದು ಅಲುಗಾಡದೆ ನಿಂತು ತುದಿಯಿಂದ ಒಂದೇ ಎಳೆ ಹೊರಟಾಗ ನಿಲ್ಲಿಸಿ. ಎರಡು ಮೂರು ಎಳೆ ಹೊರಟರೆ ವೋಲ್ಟೇಜ್ ಹೆಚ್ಚಾಗಿದೆ.

ನಿಮ್ಮ ಊರಿಗೆ ಸೇರಿದ ಒಂದು ತೊಂದರೆ ಇದೆ: ಕರಾವಳಿಯ ತೇವ. ಎಥನಾಲ್ ಹಾರುವಾಗ ತುದಿ ತಣ್ಣಗಾಗಿ ಗಾಳಿಯ ನೀರು ಅಲ್ಲಿ ಕೂರುತ್ತದೆ, ನೀರು ತಾಗಿದ ಲಿಗ್ನಿನ್ ಸಿಪ್ಪೆಗಟ್ಟುತ್ತದೆ. ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಒಣಗಾಳಿ ಹಾಯಿಸಿ ತೇವಾಂಶವನ್ನು 50 ಶೇಕಡಾದ ಕೆಳಗಿಡಿ. ಆದರೆ ಪೆಟ್ಟಿಗೆಯನ್ನು ಪೂರ್ತಿ ಮುಚ್ಚಬೇಡಿ. ಎಥನಾಲ್ ಆವಿ ಗಾಳಿಯಲ್ಲಿ 3.3 ಶೇಕಡಾ ದಾಟಿದರೆ ಒಂದು ಕಿಡಿ ಸಾಕು, ಹೈ ವೋಲ್ಟೇಜ್ ಇರುವ ಕಡೆ ಕಿಡಿಗೆ ಬರವಿಲ್ಲ. ಸದಾ ಗಾಳಿ ಹೊರಹೋಗುತ್ತಿರಲಿ, ಬಾಗಿಲು ತೆರೆದರೆ ವಿದ್ಯುತ್ ತಾನೇ ಕಡಿಯುವ ಸ್ವಿಚ್ ಇರಲಿ, ಸಂಗ್ರಾಹಕವನ್ನು ಮುಟ್ಟುವ ಮೊದಲು ಭೂಸಂಪರ್ಕದ ಕೋಲಿನಿಂದ ವಿದ್ಯುತ್ ಇಳಿಸಿ.

ಕ್ರಾಫ್ಟ್ ಲಿಗ್ನಿನ್ ಎಥನಾಲಿನಲ್ಲಿ ಪೂರ್ತಿ ಕರಗುವುದಿಲ್ಲ. ಅದನ್ನು ಡೈಮೀಥೈಲ್ ಫಾರ್ಮಮೈಡ್‌ನಲ್ಲಿ ಕರಗಿಸಿ, ಸ್ವಲ್ಪ ಪಾಲಿಎಥಿಲೀನ್ ಆಕ್ಸೈಡ್ ಸೇರಿಸಿ ನೂಲುತ್ತಾರೆ. ಆ ದ್ರಾವಕ ಚರ್ಮದ ಮೂಲಕವೇ ದೇಹ ಸೇರಿ ಯಕೃತ್ತಿಗೆ ಹಾನಿ ಮಾಡುವಂಥದ್ದು. ಎಥನಾಲಿನಲ್ಲಿ ಆಗುವ ಕೆಲಸಕ್ಕೆ ಅದನ್ನು ತರಬೇಡಿ.

ಪ್ರಶ್ನೆ: ಚೆಂದದ ನಾರು ಬಂದಿತ್ತು. ಓವನ್ನಿನಲ್ಲಿ 200 ಡಿಗ್ರಿಗೆ ಕಾಯಿಸಿ ತೆಗೆದಾಗ ಕಪ್ಪು ಹಾಳೆಯಾಗಿ ಕರಗಿತ್ತು.
(ಅದೇ ವಿಭಾಗದ ಇನ್ನೊಬ್ಬರು, ಸುರತ್ಕಲ್)

ಬೇಗ ಕಾಯಿಸಿದ್ದೀರಿ. ಇಂಗಾಲವಾಗಿಸುವ ಮೊದಲು ನಾರನ್ನು ಓವನ್ನಿನಲ್ಲಿ ಕಾಯಿಸುವುದು ಅದು ಮುಂದೆ ಕರಗದಂತೆ ಗಟ್ಟಿಯಾಗಲೆಂದು. ಎಥನಾಲ್ ವಿಧಾನದ ಲಿಗ್ನಿನ್ ಸುಮಾರು 100 ಡಿಗ್ರಿಯಲ್ಲೇ ಮೆದುವಾಗುತ್ತದೆ. ಗಾಳಿಯ ಆಮ್ಲಜನಕ ಅಣುಗಳ ನಡುವೆ ಕೊಂಡಿ ಹಾಕುತ್ತಾ ಹೋದಂತೆ ಈ ಮೆದುವಾಗುವ ಉಷ್ಣತೆ ಮೇಲೇರುತ್ತದೆ. ಓವನ್ನಿನ ಉಷ್ಣತೆ ಸದಾ ಅದಕ್ಕಿಂತ ಕೆಳಗಿರಬೇಕು. ಒಮ್ಮೆ ಓವನ್ ಮುಂದೆ ಹೋಯಿತೆಂದರೆ ನಾರು ಕರಗಿ ಅಂಟುತ್ತದೆ, ಆಮೇಲೆ ಏನು ಮಾಡಿದರೂ ಬಿಡಿಸಲಾಗದು.

ಆಮ್ಲ ಸೇರಿಸದ ನಾರಿಗೆ ನಿಮಿಷಕ್ಕೆ 0.05 ಡಿಗ್ರಿಯಷ್ಟು ನಿಧಾನ ಬೇಕಾಗುತ್ತದೆ. 25ರಿಂದ 200 ಡಿಗ್ರಿ ಮುಟ್ಟಲು 3,500 ನಿಮಿಷ, ಅಂದರೆ 58 ಗಂಟೆ. ಮೇಲೆ ಅಲ್ಲೇ ಒಂದು ದಿನ ಇಡಬೇಕು. ಸಾಮಾನ್ಯ ಓವನ್ನಿನ ನಿಯಂತ್ರಕಕ್ಕೆ ಇಷ್ಟು ನಿಧಾನ ಹೇಳಿಕೊಡಲು ಆಗದು. ಆಗ 20 ನಿಮಿಷಕ್ಕೆ ಒಂದು ಡಿಗ್ರಿಯಂತೆ ಮೆಟ್ಟಿಲು ಮೆಟ್ಟಿಲಾಗಿ ಹಾಕಿ. ಓವನ್ ಗುರಿ ಮೀರಿ ಮೂರ್ನಾಲ್ಕು ಡಿಗ್ರಿ ಹಾರುತ್ತದೆಯೇ ಎಂದು ಖಾಲಿ ಓವನ್ನಿನಲ್ಲಿ ಬೇರೆ ಥರ್ಮೊಕಪಲ್ ಇಟ್ಟು ಮೊದಲೇ ನೋಡಿಕೊಳ್ಳಿ.

ಫಾಸ್ಫಾರಿಕ್ ಆಮ್ಲ ದ್ರಾವಣದಲ್ಲೇ ಇದ್ದರೆ ಈ ಕಷ್ಟ ಬಹಳ ಕಡಿಮೆ. ಆಮ್ಲ ಲಿಗ್ನಿನ್‌ನ ಹೈಡ್ರಾಕ್ಸಿಲ್ ಗುಂಪುಗಳ ಜೊತೆ ಫಾಸ್ಫೇಟ್ ಎಸ್ಟರ್ ಕೊಂಡಿ ಕಟ್ಟುತ್ತದೆ, ನಾರು ಬೇಗ ಗಟ್ಟಿಯಾಗುತ್ತದೆ, ಹಲವು ಪಟ್ಟು ವೇಗವಾಗಿ ಕಾಯಿಸಬಹುದು. ಒಂದೇ ಆಮ್ಲ ಇಲ್ಲಿ ಮೂರು ಕೆಲಸ ಮಾಡುತ್ತಿದೆ: ನಾರನ್ನು ಕರಗದಂತೆ ಹಿಡಿಯುತ್ತದೆ, ರಂಧ್ರ ತೆರೆಯುತ್ತದೆ, ಕೊನೆಗೆ ವೇಗವರ್ಧಕದ ಕೇಂದ್ರವಾಗಿ ಉಳಿಯುತ್ತದೆ. ಈ ವಿಧಾನದ ಸೊಗಸೇ ಇದು. ಆಮ್ಲವಿಲ್ಲದೆ ನಾರು ಮಾಡಿ ಆಮೇಲೆ ಆಮ್ಲ ಹಚ್ಚುವವರು ಎಲ್ಲ ಕಷ್ಟವನ್ನೂ ಪಟ್ಟು ಕಡಿಮೆ ಫಲ ಪಡೆಯುತ್ತಾರೆ.

ಇನ್ನೊಂದು: ನಾರಿನ ಚಾಪೆಯನ್ನು ಅಲ್ಯೂಮಿನಿಯಂ ಫಾಯಿಲ್ ಮೇಲೆಯೇ ಓವನ್ನಿಗಿಡಬೇಡಿ. ಮೊದಲು 60 ಡಿಗ್ರಿಯಲ್ಲಿ ಉಳಿದ ಎಥನಾಲ್ ಹೋಗಲಿ, ಆಮೇಲೆ ಬಿಡಿಸಿ ಗಾಳಿ ಎರಡೂ ಕಡೆ ತಾಗುವಂತೆ ತೂಗುಹಾಕಿ. ದಪ್ಪ ಚಾಪೆಯ ಒಳಪದರಕ್ಕೆ ಆಮ್ಲಜನಕ ತಲುಪದೆ ಮಧ್ಯ ಮಾತ್ರ ಕರಗಿರುವುದು ಮಾಮೂಲು.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಎಲೆಕ್ಟ್ರೋಸ್ಪಿನ್ನಿಂಗ್ ಯಂತ್ರ ಇಲ್ಲ. ತೆಂಗಿನ ನಾರು ಬೇಕಾದಷ್ಟಿದೆ. ನೇರವಾಗಿ ಅದರಿಂದಲೇ ಮಾಡಬಹುದೇ?
(ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕಿ, ತಿಪಟೂರು)

ಖಂಡಿತ ಮಾಡಬಹುದು. ನಮ್ಮನ್ನು ಕೇಳಿದರೆ ಎಲ್ಲರೂ ಇಲ್ಲಿಂದಲೇ ಶುರು ಮಾಡಬೇಕು. ಮಾಲಗದವರೇ ಸೆಣಬಿನಂಥ ಹೆಂಪ್ ನಾರನ್ನು ಹೀಗೆ ನೇರವಾಗಿ ಫಾಸ್ಫಾರಿಕ್ ಆಮ್ಲದಿಂದ ಸಕ್ರಿಯಗೊಳಿಸಿ ನಾರಿನ ರೂಪ ಕೆಡದ ಇಂಗಾಲ ಪಡೆದಿದ್ದಾರೆ. ತೆಂಗಿನ ನಾರಿನಲ್ಲಿ ಲಿಗ್ನಿನ್ 40 ಶೇಕಡಾದ ಆಸುಪಾಸು, ಸಸ್ಯನಾರುಗಳಲ್ಲಿ ಇದು ಬಹಳ ಹೆಚ್ಚು. ಅಡಿಕೆ ಸಿಪ್ಪೆಯ ನಾರಿಗೂ ಇದೇ ಕ್ರಮ.

ನಾರನ್ನು ಎರಡು ಸೆಂಟಿಮೀಟರಿಗೆ ಕತ್ತರಿಸಿ, ಬಿಸಿನೀರಿನಲ್ಲಿ ಬಣ್ಣ ಬಿಡುವುದು ನಿಲ್ಲುವವರೆಗೆ ತೊಳೆಯಿರಿ. ಹಿನ್ನೀರಿನಲ್ಲಿ ನೆನೆಹಾಕಿ ತೆಗೆದ ನಾರಾದರೆ ಉಪ್ಪು ಇರುತ್ತದೆ, 1 ಶೇಕಡಾ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಒಂದು ಗಂಟೆ ಇಟ್ಟು ಮತ್ತೆ ತೊಳೆಯಿರಿ. 105 ಡಿಗ್ರಿಯಲ್ಲಿ ಒಣಗಿಸಿ ಸರಿಯಾಗಿ 10 ಗ್ರಾಂ ತೂಗಿ. ಆಮ್ಲ ಮತ್ತು ನಾರು ತೂಕದಲ್ಲಿ ಸಮ ಇರಲಿ: 10 ಗ್ರಾಂ ಶುದ್ಧ ಆಮ್ಲಕ್ಕೆ 85 ಶೇಕಡಾದ್ದು 11.8 ಗ್ರಾಂ, ಅಳತೆಯಲ್ಲಿ 7 ಮಿಲಿಲೀಟರ್. ಅದನ್ನು ನೀರು ಸೇರಿಸಿ ನಾರು ಪೂರ್ತಿ ಒದ್ದೆಯಾಗುವಷ್ಟಕ್ಕೆ, ಸುಮಾರು 40 ಮಿಲಿಲೀಟರಿಗೆ, ತನ್ನಿ. ರಾತ್ರಿ ನೆನೆಸಿ. ಮಿಕ್ಕ ದ್ರವವನ್ನು ಚೆಲ್ಲಬೇಡಿ, ಆಮ್ಲದ ಲೆಕ್ಕ ತಪ್ಪುತ್ತದೆ. 60 ಡಿಗ್ರಿಯಲ್ಲಿ ಆಗಾಗ ಮಗುಚುತ್ತಾ ಒಣಗಿಸಿದರೆ ಆಮ್ಲವೆಲ್ಲ ನಾರಿಗೇ ಸೇರುತ್ತದೆ.

ಮುಂದೆ ಟ್ಯೂಬ್ ಫರ್ನೇಸ್ (ಕೊಳವೆಯ ಕುಲುಮೆ), ನೈಟ್ರೋಜನ್ ನಿಮಿಷಕ್ಕೆ 150 ಮಿಲಿಲೀಟರ್, ನಿಮಿಷಕ್ಕೆ 5 ಡಿಗ್ರಿಯಂತೆ 500ಕ್ಕೆ, ಅಲ್ಲಿ ಎರಡು ಗಂಟೆ. ನೈಟ್ರೋಜನ್ ನಿಲ್ಲಿಸದೆಯೇ 100 ಡಿಗ್ರಿಗಿಂತ ಕೆಳಗೆ ತಣಿಸಿ. 60 ಡಿಗ್ರಿಯ ಶುದ್ಧ ನೀರಿನಲ್ಲಿ ಪದೇ ಪದೇ ತೊಳೆದು ಒಣಗಿಸಿ. ನಾಲ್ಕರಿಂದ ಐದು ಗ್ರಾಂ ಸಿಗಬೇಕು. ಎರಡೇ ಗ್ರಾಂ ಸಿಕ್ಕಿದ್ದರೆ ಎಲ್ಲೋ ಗಾಳಿ ಒಳಬಂದು ಸುಟ್ಟಿದೆ, ಕೊಳವೆಯ ತುದಿ ಮುಚ್ಚುವ ಫ್ಲಾಂಜಿನ ರಬ್ಬರ್ ಬಳೆಗಳನ್ನು ನೋಡಿ. ಏಳು ಗ್ರಾಂ ಇದ್ದರೆ ತೊಳೆದದ್ದು ಸಾಲದು, ರಂಧ್ರದ ತುಂಬ ಪಾಲಿಫಾಸ್ಫೇಟ್ ಕೂತಿದೆ. ಆ ಸ್ಥಿತಿಯಲ್ಲಿ ಮೇಲ್ಮೈ ವಿಸ್ತೀರ್ಣ ಅಳೆದರೆ ಏನೂ ಇಲ್ಲದಂತೆ ತೋರುತ್ತದೆ.

ತೊಳೆದ ನೀರಿನ ಪಿಎಚ್ ಒಂದನ್ನೇ ನಂಬಬೇಡಿ. ಕೊನೆಯ ತೊಳೆಗೆ ಅಮೋನಿಯಂ ಮಾಲಿಬ್ಡೇಟ್ ಮತ್ತು ಆಸ್ಕಾರ್ಬಿಕ್ ಆಮ್ಲ ಹಾಕಿ. ನೀಲಿ ಬಂದರೆ ಫಾಸ್ಫೇಟ್ ಇನ್ನೂ ಬಿಡುತ್ತಿದೆ. ಬಿಡಿ ಆಮ್ಲ ಉಳಿದ ವೇಗವರ್ಧಕ ಮೊದಲ ಗಂಟೆ ಅದ್ಭುತವಾಗಿ ಕೆಲಸ ಮಾಡಿ, ಆಮೇಲೆ ಕುಸಿದು, ಪೈಪನ್ನೂ ತಿನ್ನುತ್ತದೆ.

ಪ್ರಶ್ನೆ: 900 ಡಿಗ್ರಿಯಲ್ಲಿ ಕಾಯಿಸಿದಾಗ ಕುಲುಮೆಯ ಕೊಳವೆಯ ತಣ್ಣನೆ ತುದಿಯಲ್ಲಿ ಹಳದಿ ಮೇಣದಂಥದ್ದು ಕೂತಿದೆ. ಏನದು?
(ಸಂಶೋಧಕರು, ಬೆಂಗಳೂರು)

ಬಿಳಿ ರಂಜಕ ಇರುವ ಸಂಭವ ಹೆಚ್ಚು. ಗಾಳಿಗೆ ತೆರೆದರೆ ಹೊತ್ತಿಕೊಳ್ಳುತ್ತದೆ, ವಿಷವೂ ಹೌದು. ಹೆಚ್ಚಿನ ಉಷ್ಣತೆಯಲ್ಲಿ ಇಂಗಾಲ ಫಾಸ್ಫೇಟಿನ ಆಮ್ಲಜನಕವನ್ನು ಕಿತ್ತುಕೊಂಡು ರಂಜಕವನ್ನು ಆವಿಯಾಗಿ ಹೊರಡಿಸುತ್ತದೆ. ಒಣಗಿದ ಬಟ್ಟೆಯಿಂದ ಒರೆಸಲು ಹೋಗಬೇಡಿ. ನೈಟ್ರೋಜನ್ ಹರಿಯುತ್ತಿರುವಾಗಲೇ ಆ ಭಾಗಕ್ಕೆ ತಾಮ್ರದ ಸಲ್ಫೇಟಿನ ದ್ರಾವಣ ಬಿಟ್ಟು ನೆನೆಸಿ, ಒದ್ದೆಯಾಗಿಯೇ ತೆಗೆಯಿರಿ. ಮುಂದಿನ ಸಲದಿಂದ ಹೊರಹೋಗುವ ಅನಿಲವನ್ನು ಅದೇ ದ್ರಾವಣದ ಬಾಟಲಿಯ ಮೂಲಕ ಹಾಯಿಸಿ, ಕುಲುಮೆಗೂ ಆ ಬಾಟಲಿಗೂ ನಡುವೆ ಖಾಲಿ ಬಾಟಲಿ ಒಂದು ಇರಲಿ, ದ್ರವ ಬಿಸಿ ಕೊಳವೆಗೆ ಹಿಮ್ಮೆಟ್ಟದಂತೆ. ಕಾರ್ಬನ್ ಮಾನಾಕ್ಸೈಡ್ ಕೂಡ ಬರುತ್ತದೆ, ಅದನ್ನು ಹೊರಗೆ ಬಿಡಬೇಕು.

ನಿಮಗೆ 900 ನಿಜವಾಗಿ ಬೇಕೇ? ಆಲ್ಕೊಹಾಲ್ ನಿರ್ಜಲೀಕರಣಕ್ಕೆ 500–600 ಡಿಗ್ರಿ ಸಾಕು. ವಿದ್ಯುತ್ ಹರಿಯಬೇಕಾದ ಎಲೆಕ್ಟ್ರೋಡ್ ಕೆಲಸಕ್ಕೆ 900 ಅರ್ಥಪೂರ್ಣ. ಕುಲುಮೆಯೊಳಗೆ ನಾರನ್ನಿಡುವ ದೋಣಿಯಾಕಾರದ ತಟ್ಟೆ ಗ್ರಾಫೈಟಿನದು ಇರಲಿ, ಬಿಸಿ ಫಾಸ್ಫಾರಿಕ್ ಆಮ್ಲ ಕ್ವಾರ್ಟ್ಸನ್ನು ತಿನ್ನುತ್ತದೆ. ಕೊನೆಯ ಮಾತು, ಇಂಗಾಲದ ನಾರಿನ ಧೂಳು ವಿದ್ಯುತ್ ವಾಹಕ. ತಕ್ಕಡಿ, ಕಂಪ್ಯೂಟರ್‌ಗಳಿಂದ ದೂರವಿಡಿ.

ಪ್ರಶ್ನೆ: ಎಥನಾಲ್ ಪರೀಕ್ಷೆಯಲ್ಲಿ ಪರಿವರ್ತನೆಯ ಅಂಕಿ ಒಂದು ಸಲ 40, ಮುಂದಿನ ಸಲ 70 ಎಂದು ಜಿಗಿಯುತ್ತದೆ. ಮೆಥನಾಲಿನಲ್ಲಿ ಮೊದಲು ಚೆನ್ನಾಗಿದ್ದು ಬರಬರುತ್ತಾ ಇಳಿಯುತ್ತದೆ. ವೇಗವರ್ಧಕವೇ ಸರಿಯಿಲ್ಲವೇ?
(ಪಿಎಚ್.ಡಿ. ವಿದ್ಯಾರ್ಥಿನಿ, ಮೈಸೂರು)

ಜಿಗಿತಕ್ಕೆ ವೇಗವರ್ಧಕ ಕಾರಣವಲ್ಲ, ಆಲ್ಕೊಹಾಲ್ ಹನಿ ಹನಿಯಾಗಿ ಬೀಳುತ್ತಿದೆ. ಲೆಕ್ಕ ನೋಡಿ. 100 ಮಿಲಿಗ್ರಾಂ ನಾರು, ನಿಮಿಷಕ್ಕೆ 100 ಮಿಲಿಲೀಟರ್ ಹೀಲಿಯಂ, ಅದರಲ್ಲಿ ಎಥನಾಲ್ 2 ಶೇಕಡಾ ಎಂದರೆ ನಿಮಿಷಕ್ಕೆ ಸುಮಾರು 82 ಮೈಕ್ರೋಮೋಲ್. ದ್ರವವಾಗಿ ಗಂಟೆಗೆ 0.29 ಮಿಲಿಲೀಟರ್ ಮಾತ್ರ. ದಪ್ಪ ಸೂಜಿಯಿಂದ ಒಂದು ಹನಿ ಕಳಚಲು ನಿಮಿಷಗಳೇ ಬೇಕು, ಬಿದ್ದಾಗ ಒಮ್ಮೆಗೇ ಆವಿಯಾಗಿ ಸಾಂದ್ರತೆ ಏರಿಳಿಯುತ್ತದೆ. ತೆಳು ಕ್ಯಾಪಿಲರಿಯ ತುದಿಯನ್ನು ಬಿಸಿ ಕೊಳವೆಯ ಒಳಗೋಡೆಗೆ ತಾಗಿಸಿ, ಅಲ್ಲಿ ಸ್ವಲ್ಪ ಕ್ವಾರ್ಟ್ಸ್ ಉಣ್ಣೆ ಇಡಿ. ದ್ರವ ಹನಿಯಾಗದೆ ಹರಡಿ ಆವಿಯಾಗುತ್ತದೆ. ಹನಿ ತಪ್ಪಿಸಲಾಗದಿದ್ದರೆ ನಡುವೆ ಒಂದು ಬಿಸಿ ಮಿಶ್ರಣ ಪಾತ್ರೆ ಹಾಕಿ. ರಿಯಾಕ್ಟರಿನಿಂದ ಅನಿಲವನ್ನು ವಿಶ್ಲೇಷಿಸುವ ಕ್ರೊಮಾಟೋಗ್ರಾಫಿನವರೆಗೆ ಪೈಪೆಲ್ಲ 120 ಡಿಗ್ರಿಯಲ್ಲಿರಲಿ, ತಣ್ಣನೆಯ ಒಂದು ಮೂಲೆ ಇದ್ದರೂ ನೀರು ಅಲ್ಲಿ ಕೂರುತ್ತದೆ. ಪ್ರತಿ ಅಂಕಿಗೂ ಒಳಹೋದ ಮತ್ತು ಹೊರಬಂದ ಇಂಗಾಲದ ಲೆಕ್ಕ ತಾಳೆ ನೋಡಿ. 95 ಶೇಕಡಾಗಿಂತ ಕಡಿಮೆ ಲೆಕ್ಕಕ್ಕೆ ಬಂದರೆ ಆ ಅಂಕಿಯನ್ನು ಬರೆಯಬೇಡಿ. ಖಾಲಿ ರಿಯಾಕ್ಟರ್ ಒಮ್ಮೆ, ರಂಜಕವಿಲ್ಲದ ಇಂಗಾಲ ಒಮ್ಮೆ, ಈ ಎರಡು ಓಟವಿಲ್ಲದೆ ಯಾವ ಫಲಿತಾಂಶಕ್ಕೂ ಆಧಾರವಿಲ್ಲ.

ಮೆಥನಾಲಿನ ಇಳಿಕೆ ನಿಜವಾದದ್ದು. ಮೆಥನಾಲಿನಿಂದ ಹುಟ್ಟುವ ಇಂಗಾಲದ ಪದರ ಆಮ್ಲ ಕೇಂದ್ರಗಳನ್ನು ಮುಚ್ಚುತ್ತಾ ಬರುತ್ತದೆ. ಹೀಲಿಯಂ ಬದಲು ಗಾಳಿಯಲ್ಲಿ ನಡೆಸಿದಾಗ ರಂಜಕ ಇರುವ ಇಂಗಾಲ ಸ್ಥಿರವಾಗಿ ನಿಲ್ಲುತ್ತದೆ ಎಂದು ಮಾಲಗದ ಪ್ರಯೋಗಗಳು ತೋರಿಸಿವೆ. ಆಮ್ಲಜನಕ ಆ ಪದರ ಬೆಳೆಯದಂತೆ ತಡೆದು ಇಂಗಾಲ–ಆಮ್ಲಜನಕ–ರಂಜಕ ಬಂಧವನ್ನು ಮತ್ತೆ ಕಟ್ಟುತ್ತದೆ. ಸಾಮಾನ್ಯ ಇಂಗಾಲವಾದರೆ ಹಾಗೆ ಗಾಳಿ ಕೊಟ್ಟಾಗ ತಾನೇ ಉರಿಯುತ್ತಿತ್ತು. ಆದರೆ ಮೆಥನಾಲ್ ಗಾಳಿಯಲ್ಲಿ 6ರಿಂದ 36 ಶೇಕಡಾದವರೆಗೆ ಸ್ಫೋಟಕ, ಡೈಮೀಥೈಲ್ ಈಥರ್ ಸುಮಾರು 3.4ರಿಂದಲೇ. ಆಲ್ಕೊಹಾಲ್ 2 ಶೇಕಡಾ ಮೀರದಿರಲಿ, ಬರೀ ಗಾಳಿಯ ಬದಲು ಕಡಿಮೆ ಆಮ್ಲಜನಕದ ಮಿಶ್ರಣದಿಂದ ಆರಂಭಿಸಿ.

ಎಥನಾಲ್ ಎಲ್ಲಿಂದ ಬಂತು ಎಂಬುದನ್ನೂ ನೋಡಿ. ಪಿರಿಡಿನ್ ಎಂಬ ಕ್ಷಾರೀಯ ದ್ರವ ಬೆರೆಸಿ ಕುಡಿಯಲಾಗದಂತೆ ಮಾಡಿದ ಸ್ಪಿರಿಟ್ ಆಗಿದ್ದರೆ ಪರೀಕ್ಷೆಯೇ ವ್ಯರ್ಥ. ಆಮ್ಲ ಕೇಂದ್ರಗಳನ್ನು ಎಣಿಸಲು ಪ್ರಯೋಗಾಲಯದಲ್ಲಿ ಬಳಸುವುದು ಪಿರಿಡಿನ್ನನ್ನೇ, ಅಷ್ಟು ಗಟ್ಟಿಯಾಗಿ ಅದು ಅಂಟುತ್ತದೆ. ಶುದ್ಧ ಎಥನಾಲಿಗೆ ಅಬಕಾರಿ ಪರವಾನಗಿ ಸಿಗುವವರೆಗೆ 2-ಪ್ರೊಪನಾಲಿನಲ್ಲಿ ಕೆಲಸ ಮುಂದುವರಿಸಿ. 95 ಶೇಕಡಾ ಎಥನಾಲಿನ ನೀರು ಮಾತ್ರ ಅಂಥ ತೊಂದರೆಯಲ್ಲ. ಅದು ಕೇಂದ್ರಗಳಿಗಾಗಿ ಪೈಪೋಟಿ ನಡೆಸಿ ವೇಗ ತಗ್ಗಿಸುತ್ತದೆ, ಕೆಡಿಸುವುದಿಲ್ಲ.

ಪ್ರಶ್ನೆ: ನಮ್ಮ ಭಾಗದ ಸಕ್ಕರೆ ಕಾರ್ಖಾನೆಗಳಲ್ಲಿ ಸಿಪ್ಪೆಯೂ ಇದೆ, ಎಥನಾಲೂ ಇದೆ. ಈ ನಾರಿನಿಂದ ಎಥಿಲೀನ್ ಮಾಡುವುದು ಲಾಭವೇ?
(ಡಿಸ್ಟಿಲರಿ ಎಂಜಿನಿಯರ್, ಮುಧೋಳ)

ಎಥಿಲೀನ್‌ಗಾಗಿ ಈಗಲೇ ನಾರಿನ ಮೇಲೆ ಹಣ ಹೂಡಿ ಎಂದು ಹೇಳಲಾರೆವು. ಒಂದು ಕಿಲೋ ಎಥನಾಲಿನಿಂದ ಹೆಚ್ಚೆಂದರೆ 609 ಗ್ರಾಂ ಎಥಿಲೀನ್, ಉಳಿದದ್ದು ನೀರು. ಆ ಲೆಕ್ಕವನ್ನು ಯಾವ ವೇಗವರ್ಧಕವೂ ಬದಲಿಸದು. ಅಲ್ಯೂಮಿನಾ ಆಧಾರಿತ ವಿಧಾನ ಹಳೆಯದು, ಪಳಗಿದ್ದು. ಬ್ರೆಜಿಲ್‌ನ ಬ್ರಾಸ್ಕೆಮ್ 2010ರಲ್ಲಿ ತ್ರಿಯೂಂಫೋದಲ್ಲಿ ಕಬ್ಬಿನ ಎಥನಾಲಿನಿಂದ ವರ್ಷಕ್ಕೆ 2 ಲಕ್ಷ ಟನ್ ಎಥಿಲೀನಿನ ಘಟಕ ತೆರೆಯಿತು. ನಮ್ಮಲ್ಲೇ ಉತ್ತರಾಖಂಡದ ಕಾಶಿಪುರದಲ್ಲಿ ಇಂಡಿಯಾ ಗ್ಲೈಕಾಲ್ಸ್ ಎಥನಾಲಿನಿಂದ ಎಥಿಲೀನ್, ಅದರಿಂದ ಗ್ಲೈಕಾಲ್ ಮಾಡುತ್ತಿದೆ.

ಒಂದು ಸೂಜಿ ಎಷ್ಟು ನೂಲುತ್ತದೆ ನೋಡಿ: ಗಂಟೆಗೆ 1 ಮಿಲಿಲೀಟರ್ ದ್ರಾವಣದಲ್ಲಿ ಲಿಗ್ನಿನ್ 0.4 ಗ್ರಾಂಗೆ ಸ್ವಲ್ಪ ಮೇಲೆ, ಇಂಗಾಲವಾಗಿ ಉಳಿಯುವುದು 0.2 ಗ್ರಾಂಗಿಂತ ಕಡಿಮೆ. ಎಂಟು ಗಂಟೆಗೆ ಒಂದೂವರೆ ಗ್ರಾಂ ಬಂದರೆ ಪುಣ್ಯ. ನೂರಾರು ಸೂಜಿ ಅಥವಾ ಸೂಜಿಯಿಲ್ಲದ ಉರುಳೆ ಯಂತ್ರ ಬೇಕು. ಮೇಲಾಗಿ ನಾರಿನ ಚಾಪೆ ತೀರ ಹಗುರ, ಅಷ್ಟೇ ತೂಕಕ್ಕೆ ರಿಯಾಕ್ಟರ್ ದೊಡ್ಡದಾಗಬೇಕು.

ನಾರಿನ ನಿಜವಾದ ಬಲ ಬೇರೆ ಕಡೆ ಇದೆ. ಅಣು ಒಳಗೆ ಹೋಗಿ ಹೊರಬರುವ ಕಾಲ ದೂರದ ವರ್ಗದಂತೆ ಬೆಳೆಯುತ್ತದೆ: ಹತ್ತು ಪಟ್ಟು ದೂರಕ್ಕೆ ನೂರು ಪಟ್ಟು ಕಾಲ. ಒಂದು ಮೈಕ್ರಾನ್ ದಪ್ಪದ ನಾರಿನಲ್ಲಿ ಆ ದೂರ ಇಲ್ಲವೆಂಬಷ್ಟು ಕಡಿಮೆ. ಹೀಗಾಗಿ ಬೇಗ ನಡೆಯುವ ಕ್ರಿಯೆ, ಮಧ್ಯದ ಉತ್ಪನ್ನ ಹಾಳಾಗುವ ಮೊದಲೇ ಹೊರಬರಬೇಕಾದ ಕ್ರಿಯೆ, ದುಬಾರಿ ಲೋಹವನ್ನು ಸ್ವಲ್ಪವೇ ಹಾಕಿ ಪೂರ್ತಿ ಬಳಸಬೇಕಾದ ಕ್ರಿಯೆ, ಇಂಥಲ್ಲಿ ನಾರು ಬೆಲೆ ಬಾಳುತ್ತದೆ. ಲಿಗ್ನಿನ್ ದ್ರಾವಣಕ್ಕೇ ಲೋಹದ ಲವಣ ಸೇರಿಸಿ ಒಟ್ಟಿಗೇ ನೂಲಬಹುದೆಂಬುದೂ ಅನುಕೂಲ.

ನಿಮ್ಮ ಕಾರ್ಖಾನೆಗೆ ಹತ್ತಿರದ ದಾರಿ ಎಂದರೆ ಸಿಪ್ಪೆಯಿಂದಲೇ ಫಾಸ್ಫಾರಿಕ್ ಆಮ್ಲದ ಹರಳಿನ ಇಂಗಾಲ. ಉಪಕರಣ ಸರಳ, ತೊಳೆದ ಆಮ್ಲವನ್ನು ಸಾಂದ್ರಗೊಳಿಸಿ ಮತ್ತೆ ಬಳಸಬಹುದು. ಹಾಗೆ ಮರುಬಳಸದಿದ್ದರೆ ಖರ್ಚೂ ತಾಳುವುದಿಲ್ಲ, ಫಾಸ್ಫೇಟ್ ನೀರು ಹಳ್ಳ ಸೇರಿ ಪಾಚಿಯನ್ನೂ ಬೆಳೆಸುತ್ತದೆ. ಸಿಪ್ಪೆಗೆ ನಿಮ್ಮ ಬಾಯ್ಲರಿನಲ್ಲಿ ಈಗಾಗಲೇ ಒಂದು ಬೆಲೆ ಇದೆ, ಟನ್ನಿಗೆ ಎಷ್ಟು ವಿದ್ಯುತ್ ಕೈಬಿಡುತ್ತೀರಿ ಎಂಬುದನ್ನು ಲೆಕ್ಕದ ಮೊದಲ ಸಾಲಿನಲ್ಲೇ ಬರೆದುಕೊಳ್ಳಿ.